ರುದ್ರಪ್ಪ ಮಾವನ ಕೊಬ್ಬು

ನನಗೆ ಕೊಬ್ಬು ಎಂಬುದು ನಮ್ಮ ಕಡೆ ಸರ್ವಾನುಮತದಿಂದ ಅಂಗೀಕಾರವಾದ ನಿರ್ಣಯ. ಅದನ್ನು ಮೊದಲು ಮಂಡಿಸಿದವರು ನನ್ನ ಸೋದರಮಾವ ರುದ್ರಪ್ಪನವರು. ಅನುಮೋದಿಸಿದವರು ಮಧುಗಿರಿಯ ಪೇಟೆಬೀದಿಯ ಸಮಸ್ತ ಹೆಂಗಸರು. ತುಮಕೂರಿನ ಕಾಲೇಜಿನಿಂದ ಚರ್ಚಾಸ್ಪರ್ಧೆಯ ಬಟ್ಟಲು ಗೆದ್ದು ತಂದಾಗಲೆಲ್ಲ ಆ ನಿರ್ಣಯಕ್ಕೆ ಇನ್ನಷ್ಟು ಮತ ಬೀಳುತ್ತಿತ್ತು. ಗಂಡುಹುಡುಗ ವಾದ ಮಾಡಿದರೆ ಅವನಿಗೆ ಬುದ್ಧಿ, ಹೆಣ್ಣುಹುಡುಗಿ ವಾದ ಮಾಡಿದರೆ ಅವಳಿಗೆ ಕೊಬ್ಬು. ಇದಕ್ಕೆ ಆಧಾರವೇನೆಂದು ಒಮ್ಮೆ ಕೇಳಿದೆ. ನಾನು ಕೇಳಿದ್ದನ್ನೇ ಆಧಾರವಾಗಿ ತೋರಿಸಿದರು.

ಪದಗಳಿಗೆ ನೊಂದುಕೊಳ್ಳುವುದು ವಾದಿಗೆ ತರವಲ್ಲ ಎಂದುಕೊಂಡು ನಾನು ಇದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ. ಆದರೆ ಇದೇ ಎರಡೂವರೆ ಅಕ್ಷರದ ಪದ ಒಂದು ದಿನ ನಮ್ಮ ಮಾವನ ಪ್ರಾಣಕ್ಕೆ ಅಡ್ಡ ಬಂದು ನಿಂತಿತು. ಅದನ್ನು ಅಲ್ಲಿಂದ ಎಬ್ಬಿಸಲು ನಾನು ಪಟ್ಟ ಪಾಡನ್ನು ನಿಮಗಲ್ಲದೆ ಇನ್ನಾರಿಗೆ ಹೇಳಲಿ? ನಿಮ್ಮ ಮನೆಯಲ್ಲೂ ಒಬ್ಬರು ರುದ್ರಪ್ಪ ಮಾವ ಇದ್ದೇ ಇರುತ್ತಾರೆ.

ಮಾವನದು ಕಡಲೇಕಾಯಿ ಮಂಡಿ, ಅದಕ್ಕೆ ಅಂಟಿಕೊಂಡಂತೆ ಒಂದು ಎಣ್ಣೆ ಮಿಲ್ಲು. ಮಿಡಿಗೇಶಿ, ಐ.ಡಿ.ಹಳ್ಳಿ ಕಡೆಯ ಕಾಯಿ ಅಲ್ಲಿಗೆ ಬಂದು ಎಣ್ಣೆಯಾಗಿ ಶಿರಾ, ಪಾವಗಡ, ಕೊರಟಗೆರೆಗೆ ಹೋಗುತ್ತಿತ್ತು. ನನ್ನ ತಾಯಿತಂದೆ ಐ.ಡಿ.ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದುದರಿಂದ ಓದಿಗೆಂದು ನಾನು ಬೆಳೆದದ್ದೆಲ್ಲ ಮಾವನ ಮನೆಯಲ್ಲೇ. ತಾಲ್ಲೂಕಿಗೆಲ್ಲ ಕಡಲೇಕಾಯಿ ಎಣ್ಣೆ ತಿನ್ನಿಸುವ ಮನುಷ್ಯನ ಅಡಿಗೆಮನೆಗೆ ಮಾತ್ರ ಆ ಎಣ್ಣೆಗೆ ಪ್ರವೇಶವಿರಲಿಲ್ಲ. ಒಗ್ಗರಣೆಗೂ ತುಪ್ಪ, ದೋಸೆಗೂ ತುಪ್ಪ. "ಎಣ್ಣೆ ಇರೋದು ಮಾರಕ್ಕೆ, ತುಪ್ಪ ಇರೋದು ಉಣ್ಣಕ್ಕೆ" ಎಂಬುದು ಮಾವನ ಅರ್ಥಶಾಸ್ತ್ರ. ಅವರ ತಾತ ಮುದ್ದೆ ಉಂಡು ಕೊಟ್ಟಿಗೆ ಗುಡಿಸಿದವರು. ಹಾಗಾಗಿ ಮಾವನ ಲೆಕ್ಕದಲ್ಲಿ ಮುದ್ದೆಯಿಂದ ಅನ್ನಕ್ಕೆ, ಅನ್ನದಿಂದ ಮೇಲೆ ತೇಲುವ ತುಪ್ಪಕ್ಕೆ ಏರುವುದೇ ಮನುಷ್ಯಕುಲದ ಚರಿತ್ರೆ. ತುಪ್ಪದ ಮಿಳ್ಳೆಯನ್ನು ಅತ್ತೆ ಎಷ್ಟು ಬಗ್ಗಿಸಿದರೂ ಅವರ "ಸಾಕು" ಬರುತ್ತಿರಲಿಲ್ಲ.

ಆ ವಂಶದ ಗಂಡಸರಿಗೆ ಇನ್ನೊಂದು ವಿಶೇಷವಿತ್ತು. ಕಣ್ಣಿನ ಮೇಲುರೆಪ್ಪೆಯಲ್ಲಿ, ಮೂಗಿನ ಕಡೆಯ ಮೂಲೆಗೆ, ಅರಿಶಿನ ಮೆತ್ತಿದ ಹಾಗೆ ಒಂದು ಹಳದಿ ಪಟ್ಟೆ. ಮನೆಯ ಮುದುಕಿಯರು ಅದನ್ನು "ಬಂಗಾರದ ಗೆರೆ" ಎನ್ನುತ್ತಿದ್ದರು. ಗೆರೆ ಇದ್ದವನಿಗೆ ಲಕ್ಷ್ಮಿ ಬೇಗ ಬರುತ್ತಾಳೆ, ಬೇಗ ಕರೆದುಕೊಂಡೂ ಹೋಗುತ್ತಾಳೆ. ಮಾವನ ಅಪ್ಪ ಶಿರಾದ ಮಂಡಿಯಲ್ಲಿ ವ್ಯಾಪಾರ ಕುದುರಿಸುತ್ತಿದ್ದ ಹಾಗೇ ಮೂಟೆಯ ಮೇಲೆ ಒರಗಿದರು. ಮಾವನ ಅಣ್ಣ ಹಬ್ಬದ ದಿನ ಒಬ್ಬಟ್ಟು ಉಂಡು ಕೈ ತೊಳೆಯಲು ಎದ್ದವರು ಬಚ್ಚಲು ಮುಟ್ಟಲಿಲ್ಲ. ಇಬ್ಬರಿಗೂ ಗೆರೆ ಇತ್ತು, ಇಬ್ಬರಿಗೂ ಐವತ್ತು ತುಂಬಿರಲಿಲ್ಲ. ನಾನು ಇದನ್ನು ಶುದ್ಧ ಮೂಢನಂಬಿಕೆ ಎಂದು ಪ್ರತಿಸಲ ಖಂಡಿಸುತ್ತಿದ್ದೆ. ಚರ್ಮದ ಬಣ್ಣಕ್ಕೂ ಆಯುಸ್ಸಿಗೂ ಏನು ಕಾರ್ಯಕಾರಣ ಸಂಬಂಧ, ತೋರಿಸಿ ಎಂದು ಸವಾಲು ಹಾಕುತ್ತಿದ್ದೆ. ಅಜ್ಜಿಯರು ತೋರಿಸಲಾರದೆ ಸುಮ್ಮನಾಗುತ್ತಿದ್ದರು. ಅದನ್ನು ನಾನು ಗೆಲುವೆಂದು ಬರೆದುಕೊಳ್ಳುತ್ತಿದ್ದೆ.

ಮಾವನಿಗೆ ನಲವತ್ತೊಂಬತ್ತು ನಡೆಯುತ್ತಿದ್ದಾಗ ಎದೆ ಹಿಡಿಯಲು ಶುರುವಾಯಿತು. ಏರು ಹತ್ತಿದರೆ, ಉಂಡ ಮೇಲೆ ಬೇಗಬೇಗ ನಡೆದರೆ, ಎದೆಯ ನಡುವೆ ಯಾರೋ ಮೂಟೆ ಇಟ್ಟಂತೆ. ನಿಂತರೆ ಇಳಿಯುತ್ತಿತ್ತು. ಮಾವ ಅದಕ್ಕೆ "ವಾಯು" ಎಂದು ಹೆಸರಿಟ್ಟು, ಓಂಕಾಳು ಜಗಿದು, ಮೇಲೊಂದು ಗೋಲಿ ಸೋಡ ಕುಡಿದು, ಒಂದು ಸಿಗರೇಟು ಹಚ್ಚಿ ವಾಸಿಯಾಯಿತು ಎನ್ನುತ್ತಿದ್ದರು. ಅತ್ತೆ ಅವರ ಕಣ್ಣಿನ ಗೆರೆಯನ್ನೇ ನೋಡುತ್ತಾ ನಿಲ್ಲುತ್ತಿದ್ದಳು. ಕೊನೆಗೆ ಅವಳೇ ಹಟ ಹಿಡಿದು ಊರಿಗೆ ಹೊಸದಾಗಿ ಬಂದಿದ್ದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮೈಸೂರು ಕಡೆಯ ಹುಡುಗ, ಮಾತು ಮೆತ್ತಗೆ, ಮುಖದ ಮೇಲೆ ಇನ್ನೂ ಪರೀಕ್ಷೆ ಬರೆದ ದಣಿವು. ಅವರು ಎದೆಗಿಂತ ಮೊದಲು ಮಾವನ ರೆಪ್ಪೆಯನ್ನು ನೋಡಿದರು. ಅಪ್ಪ, ಅಣ್ಣ ಹೇಗೆ ಹೋದರೆಂದು ಕೇಳಿದರು. ರಕ್ತ ತೆಗೆದು ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದರು.

ವರದಿ ಬಂದ ದಿನ ಡಾಕ್ಟರ ವರಾಂಡದ ತುಂಬ ಜನ. ನಾವು ಮೂವರೂ ಒಳಗೆ ಕೂತೆವು. ಒಳಗೆ ಎಂದರೆ ಒಂದು ಪರದೆಯ ಈಚೆ. ಡಾಕ್ಟರು ಕಾಗದ ನೋಡಿ, "ಯಜಮಾನ್ರೇ, ನಿಮಗೆ ಕೊಲೆಸ್ಟರಾಲ್..." ಎಂದರು.

ಅತ್ತೆ ಎದ್ದೇ ನಿಂತಳು. "ಯಾರ ಕೊಲೆ ಸಾಮಿ?"

ಪಾಪ, ಡಾಕ್ಟರಿಗೆ ತಮ್ಮ ಇಂಗ್ಲಿಷಿನ ಬಗ್ಗೆ ಪಶ್ಚಾತ್ತಾಪವಾಯಿತು. ಜನರ ಭಾಷೆಯಲ್ಲಿ ಹೇಳಬೇಕೆಂಬ ಆದರ್ಶವೂ ಇತ್ತೆಂದು ಕಾಣುತ್ತದೆ. ಎಲ್ಲರಿಗೂ ಅರ್ಥವಾಗುವಂತೆ ಗಟ್ಟಿಯಾಗಿ, ಬಿಡಿಬಿಡಿಯಾಗಿ ಹೇಳಿದರು: "ಕೊಲೆ ಅಲ್ಲ ತಾಯಿ. ಇವರ ರಕ್ತದಲ್ಲಿ ಕೊಬ್ಬು ಜಾಸ್ತಿ. ಅದನ್ನ ಇಳಿಸಬೇಕು."

ಪರದೆಯಾಚೆ ಹಿಂದಿನಿಂದ ಯಾರೋ ಕಿಸಕ್ಕೆಂದರು.

ಮಾವ ಹೆಗಲ ಮೇಲಿನ ವಲ್ಲಿಯನ್ನು ಒದರಿ ಎದ್ದರು. "ಡಾಕ್ಟ್ರೇ, ನಂಗೆ ಕೊಬ್ಬು ಅಂದಿದ್ರೆ ಬುಟ್ಬುಡ್ತಿದ್ದೆ. ರಕ್ತದಾಗೇ ಕೊಬ್ಬು ಅಂದ್ರಲ್ಲ, ನಮ್ಮಪ್ಪನ್ನ, ನಮ್ಮ ತಾತನ್ನ ಯಾಕೆ ಎಳುದ್ರಿ? ಇಳಿಸ್ತೀರಾ? ನನ್ ಕೊಬ್ಬು ಇಳಿಸೋ ಗಂಡು ಈ ಮಧುಗಿರೀಲಿ ಇನ್ನೂ ಹುಟ್ಟಿಲ್ಲ!" ಎಂದವರೇ ಹೊರಟರು. ಡಾಕ್ಟರು ಕಾಗದ ಹಿಡಿದುಕೊಂಡು ನನ್ನ ಮುಖ ನೋಡಿದರು. ಅವರಿಗೆ ತಾವು ಏನು ಹೇಳಿದೆವೆಂದು ನಿಜಕ್ಕೂ ಗೊತ್ತಾಗಿರಲಿಲ್ಲ.

ಸಂಜೆಯ ಹೊತ್ತಿಗೆ ಸುದ್ದಿ ಬಸ್‌ಸ್ಟ್ಯಾಂಡ್ ಮುಟ್ಟಿತ್ತು: ರುದ್ರಪ್ಪಂಗೆ ಕೊಬ್ಬು ಅಂತ ಬೆಂಗಳೂರಿಂದಲೇ ಬರೆದು ಕಳಿಸವ್ರಂತೆ. ನಾವು ಯಾವತ್ತೋ ಹೇಳಿರಲಿಲ್ಲವಾ, ಅದಕ್ಕೆ ಸೂಜಿ ಚುಚ್ಚಿ ನೋಡಬೇಕಿತ್ತಾ ಎಂದು ಎದುರು ಮಂಡಿಯವರು ಹೇಳಿದರಂತೆ.

ಇಲ್ಲಿ ನನಗೊಂದು ಭಾಷಾ ಜಿಜ್ಞಾಸೆ ಹುಟ್ಟಿತು. ಕನ್ನಡ ಒಂದೇ ಹೀಗೆ ಡಾಕ್ಟರನ್ನು ಹಳ್ಳಕ್ಕೆ ಕೆಡವುತ್ತದೆಯೋ ಹೇಗೆ? ಮಾವನ ಗೆಳೆಯರು, ಶಿರಾದ ಕಡಲೇಕಾಯಿ ವ್ಯಾಪಾರಿ ಗಫೂರ್ ಸಾಹೇಬರು ಬಂದಾಗ ಕೇಳಿದೆ. ಅವರು ಗಡ್ಡ ನೀವಿಕೊಂಡು ನಕ್ಕರು. "ಅರೆ ಬೇಟಿ, ನಮ್ಮಲ್ಲೂ ಅಷ್ಟೇ. ಯಾರಾದ್ರೂ ಜಾಸ್ತಿ ಹಾರಾಡುದ್ರೆ 'ಚರ್ಬಿ ಚಢ್ ಗಯೀ ಕ್ಯಾ' ಅಂತೀವಿ. ಚರ್ಬಿ ಅಂದ್ರೆ ಕೊಬ್ಬೇ ಅಲ್ವಾ!" ಪಾವಗಡದಿಂದ ಎಣ್ಣೆಗೆ ಬರುವ ಗಾಡಿಯವರ ತೆಲುಗಿನಲ್ಲಿ ಅದು "ಕೊವ್ವೆಕ್ಕಿಂದಾ?". ಅಂದರೆ ಶಿರಾದಿಂದ ಪಾವಗಡದವರೆಗೆ, ಬೇರೆ ಯಾವುದರಲ್ಲೂ ಒಮ್ಮತವಿಲ್ಲದ ಮೂರು ಭಾಷೆಗಳು ಇದೊಂದರಲ್ಲಿ ಕೈ ಎತ್ತಿವೆ. ಕಾರಣ ನನಗೆ ಹೀಗೆ ತೋರುತ್ತದೆ: ಮಳೆಯನ್ನು ನಂಬಿ ಉಣ್ಣುವ ಈ ಬಯಲಲ್ಲಿ ಒಬ್ಬನ ಮೈಮೇಲೆ ಕೊಬ್ಬು ನಿಂತಿದೆ ಎಂದರೆ ಅವನು ತನ್ನ ಪಾಲಿನ ಜೊತೆಗೆ ಪಕ್ಕದವನ ಪಾಲನ್ನೂ ಉಂಡಿರಬೇಕು. ಹಾಗೆ ಉಂಡವನು ವಿನಯದಿಂದ ಮಾತಾಡಿದ್ದನ್ನು ಯಾರೂ ಕಂಡಿರಲಾರರು. ಕಾಯಿಲೆಯನ್ನೂ ಅದರ ಲಕ್ಷಣವನ್ನೂ ನಮ್ಮ ಹಿರಿಯರು ಒಂದೇ ಪದದಲ್ಲಿ ಕಟ್ಟಿ ಇಟ್ಟಿದ್ದಾರೆ. ವೈದ್ಯ ಬರುವ ಮೊದಲೇ ಭಾಷೆ ನಾಡಿ ಹಿಡಿದಿತ್ತು.

ಜಿಜ್ಞಾಸೆಯಿಂದ ಮಾವನ ಎದೆನೋವು ಇಳಿಯಲಿಲ್ಲ. ಮಿಳ್ಳೆಯ ತುಪ್ಪ ಮಾತ್ರ ಹಟಕ್ಕೆ ಬಿದ್ದು ಇಳಿಯುತ್ತಿತ್ತು. ನಾನು ಗುಟ್ಟಾಗಿ ಡಾಕ್ಟರನ್ನು ಕಂಡೆ. ಅವರು ರಕ್ತನಾಳದ ಚಿತ್ರ ಬರೆದು ತೋರಿಸಿದರು: ಹೊಲಕ್ಕೆ ನೀರು ಹೋಗುವ ಕಾಲುವೆಗೆ ಹೂಳು ತುಂಬಿದಂತೆ, ಹೃದಯಕ್ಕೆ ರಕ್ತ ಹೋಗುವ ದಾರಿಯಲ್ಲಿ ಕೊಬ್ಬು ಕಟ್ಟಿಕೊಳ್ಳುತ್ತದೆ, ಕೆಲವು ವಂಶಗಳಲ್ಲಿ ಹುಟ್ಟಿನಿಂದಲೇ ಹೆಚ್ಚು, ರೆಪ್ಪೆಯ ಮೇಲಿನ ಹಳದಿಯೂ ಅದೇ ಕೊಬ್ಬು. ನಮ್ಮ ಮುದುಕಿಯರು ಕಂಡದ್ದು ಅಕ್ಷರಶಃ ಸತ್ಯವಾಗಿತ್ತು. ಅದಕ್ಕೆ ಕಟ್ಟಿದ ಕಥೆಯಷ್ಟೇ ಸುಳ್ಳು. ಕಥೆಯ ಜೊತೆಗೆ ಕಂಡದ್ದನ್ನೂ ಕಸಕ್ಕೆ ಎಸೆಯುವ ಅಭ್ಯಾಸ ಚರ್ಚಾಪಟುಗಳಿಗೆ ಇದೆ; ಬಟ್ಟಲು ಗೆಲ್ಲಲು ಅದು ಸಾಕು, ಮಾವನನ್ನು ಉಳಿಸಿಕೊಳ್ಳಲು ಸಾಲದು.

"ಪದ ಬದಲಾಯಿಸೋಣ. ಸಂಸ್ಕೃತದಲ್ಲಿ ಹೇಳಿ. ಬೈಗುಳ ಕೂಡ ಸಂಸ್ಕೃತದಲ್ಲಿ ಸ್ತೋತ್ರದ ಹಾಗೆ ಕೇಳುತ್ತೆ" ಎಂದೆ. ಡಾಕ್ಟರು ಒಪ್ಪಿದರು. ಒಂದು ದಿನ ಮಂಡಿಗೇ ಬಂದು ಕ್ಷಮೆ ಕೇಳಿ, ಗಂಭೀರವಾಗಿ, "ನಾನು ಹೇಳಬೇಕೆಂದಿದ್ದು ಬೇರೆ ಯಜಮಾನ್ರೇ. ನಿಮಗೆ ಮೇದಸ್ಸು ಜಾಸ್ತಿ" ಎಂದರು.

ಮೇದಸ್ಸು ಎಂದರೆ ಕೊಬ್ಬು. ದಕಾರಕ್ಕೆ ಹೊಟ್ಟೆ ಸೀಳಿ ಮೇಧಸ್ಸು ಎಂದರೆ ಬುದ್ಧಿ. ನಮ್ಮ ಸೀಮೆಯ ಬಾಯಲ್ಲಿ ಯಾವ ಅಕ್ಷರದ ಹೊಟ್ಟೆಯೂ ಸೀಳಿರುವುದಿಲ್ಲ ಎಂಬುದನ್ನು, ಇಷ್ಟು ಓದಿದ ನಾವಿಬ್ಬರೂ ಮರೆತಿದ್ದೆವು.

ಮಾವನ ಮುಖ ಅರಳಿತು. "ಅಂಗನ್ನಿ ಮತ್ತೆ! ಅದು ನಮ್ಮ ವಂಶದೋರಿಗೆಲ್ಲ ಜಾಸ್ತೀನೇ." ಮನೆಗೆ ಬಂದು ಎಲೆಯ ಮುಂದೆ ಕೂತು ಅತ್ತೆಗೆ ಸಾರಿದರು: "ಡಾಕ್ಟ್ರು ತಪ್ಪು ಒಪ್ಕೊಂಡ್ರು ಕಣೇ. ನಂಗೆ ಮೇದಸ್ಸು, ಅಂದ್ರೆ ಬುದ್ಧಿ, ಜಾಸ್ತಿಯಂತೆ. ಅದಕ್ಕೆ ಆಹಾರ ಏನು? ತುಪ್ಪ. ಇನ್ನೊಂದು ಸೌಟು ಬುಡು." ಮೊದಲ ಪದ ರೋಗಿಯನ್ನು ಓಡಿಸಿತ್ತು, ಎರಡನೆಯದು ರೋಗವನ್ನೇ ಸನ್ಮಾನಿಸಿತು.

ಆಮೇಲೆ ನಗುವಂತಹದ್ದೇನೂ ನಡೆಯಲಿಲ್ಲ. ಕಾಯಿ ನೋಡಲು ಮಿಡಿಗೇಶಿಗೆ ಹೋಗಿದ್ದ ಮಾವ ಮಧ್ಯಾಹ್ನದ ಬಸ್ಸಿನಲ್ಲಿ ಇಳಿದು ಮನೆಯತ್ತ ಬರುತ್ತಿದ್ದರು. ನಾನೂ ಅತ್ತೆಯೂ ಜಗುಲಿಯಲ್ಲಿದ್ದೆವು. ಬೀದಿಯ ನಡುವೆ ನಿಂತವರು ಬೇವಿನ ಮರದ ಕಟ್ಟೆ ಹಿಡಿದು ನಿಧಾನವಾಗಿ ಕೂತರು. ಮುಖದಲ್ಲಿ ಬೆವರು, ಹಿಡಿದ ಎದೆ ಬಿಡಲೊಲ್ಲದು. ಅತ್ತೆ ಓಡಿಹೋಗಿ ಸೆರಗಿನಿಂದ ಗಾಳಿ ಹಾಕಿದಳು. ನೋವು ಇಳಿದ ಮೇಲೆ ಮಾವ ಎಂದಿನಂತೆ, "ವಾಯು ಕಣೇ" ಎಂದರು. ಅತ್ತೆ ಯಾವತ್ತೂ ಎದುರಾಡಿದವಳಲ್ಲ. ಅವತ್ತು ಬೀದಿಯಲ್ಲೇ ಹೇಳಿದಳು: "ನಿಮ್ಮವ್ವ ಇಂಗೇ ವಾಯು ಅಂತ ನಂಬಿ ಕೂತಿದ್ರು. ನಿಮ್ಮತ್ತಿಗೇನೂ ನಂಬಿದ್ರು. ಇಬ್ಬರ ಬಳೇನೂ ನನ್ ಕಣ್ಮುಂದೆ ಒಡುದ್ರು. ನಂಗೆ ನಿಮ್ ಬಂಗಾರದ ಗೆರೆ ಬ್ಯಾಡ. ಈ ಗಾಜಿನ ಬಳೆ ಉಳಿಸ್ಕೊಡಿ, ಸಾಕು."

ಮಾವ ವಲ್ಲಿಯಲ್ಲಿ ಮುಖ ಒರೆಸಿಕೊಂಡು ಎದ್ದು ಮನೆಯತ್ತ ನಡೆದರು. ಚರ್ಚೆಯಲ್ಲಿ ಒಂದು ಮಾತಿದೆ: ಎದುರಾಳಿಯನ್ನು ಮಣಿಸಲು ಆಗದಿದ್ದರೆ ಅವನ ಮಾತನ್ನೇ ಪೂರ್ತಿ ಒಪ್ಪಿಕೊಂಡುಬಿಡು. ಮರುದಿನ ಬೆಳಗ್ಗೆ ಮಾವ ಕಾಫಿ ಲೋಟ ಹಿಡಿದಿದ್ದಾಗ ಎದುರಿಗೆ ಕೂತೆ.

"ಮಾವ, ನಿಮ್ಮ ಕೊಬ್ಬು ಇಳಿಸೋ ಗಂಡು ಮಧುಗಿರೀಲಿ ಹುಟ್ಟಿಲ್ಲ ಅಂದ್ರಿ. ನಾನು ಯೋಚನೆ ಮಾಡ್ದೆ. ಅದು ನಿಜ."

"ಏನಮ್ಮ ಲಾಯರಮ್ಮ, ಬೆಳಗ್ಗೇನೇ ಒಪ್ಕೊಂಡ್‌ಬುಟ್ಟೆ? ಮೈ ಉಸಾರಿಲ್ವಾ?"

"ಡಾಕ್ಟರ ಕೈಲಿ ಆಗಲ್ಲ. ಅತ್ತೆ ಕೈಲಿ ಆಗಲ್ಲ. ಆಗೋದಿದ್ರೆ ನಿಮ್ಮೊಬ್ಬರ ಕೈಲಿ. ಆದರೆ ನಿಮಗೂ ಅಷ್ಟು ತಾಕತ್ತು ಇದೆಯಾ ಅಂತ ನನಗೆ ಅನುಮಾನ. ತುಪ್ಪದ ಮಿಳ್ಳೆ ಕಂಡರೆ ಸೋಲೋರು, ಕೊಬ್ಬಿನ ಹತ್ರ ಏನು ಗೆಲ್ತೀರ?"

"ಯಾರೇ ಸೋಲೋರು?"

"ನಾನು ಹೆಸರು ಹೇಳಲಿಲ್ಲ."

ಮಾವ ಲೋಟ ಕೆಳಗಿಟ್ಟರು. ಒಳಗೆ ತಿರುಗಿ ಕೂಗಿದರು: "ಏನೇ, ಆ ಮಿಳ್ಳೆ ತಗೊಂಡೋಗಿ ದೇವರ ಮನೇಲಿಡು. ದೀಪಕ್ಕಾದ್ರೂ ಆಗ್ಲಿ. ಈ ಹುಡುಗಿಗೆ ಕೊಬ್ಬು ಅಂದ್ರೇನು ಅಂತ ತೋರಿಸ್ಬೇಕು." ಅತ್ತೆ ಎಷ್ಟು ಬೇಗ ಎತ್ತಿಟ್ಟಳೆಂದರೆ ಮಿಳ್ಳೆ ತಾನೇ ನಡೆದು ಹೋದಂತಿತ್ತು.

ಹೀಗೆ ಮಾವನ ಒಂದು ಕೊಬ್ಬನ್ನು ಇನ್ನೊಂದು ಕೊಬ್ಬಿನ ಮೇಲೆ ಛೂ ಬಿಟ್ಟೆ. ಅವರದೇ ಮಿಲ್ಲಿನ ಎಣ್ಣೆ ಮೊಟ್ಟಮೊದಲ ಬಾರಿಗೆ ಅವರ ಒಗ್ಗರಣೆಗೆ ಬಿತ್ತು, ಅದೂ ಅತ್ತೆ ಅಳೆದು ಹಾಕಿದಷ್ಟೇ. ಮೊದಲ ತುತ್ತಿಗೆ ಮುಖ ಕಿವುಚಿ, "ಇದನ್ನೇನಾ ನಾನು ಜನಕ್ಕೆ ಮಾರ್ತಿರಾದು?" ಎಂದರು. ಆ ವಾರದಿಂದ ಮಿಲ್ಲಿನಲ್ಲಿ ಎಣ್ಣೆಯನ್ನು ಎರಡು ಸಲ ಸೋಸತೊಡಗಿದರು. ತಾತನ ಮುದ್ದೆ ಸೊಪ್ಪಿನ ಬಸ್ಸಾರಿನೊಂದಿಗೆ ತಿರುಗಿ ಬಂತು. ಕೆನೆ ಹೋಯಿತು. ಸಿಗರೇಟು ಹೋಗುವಾಗ ಮನೆಯವರೆಲ್ಲರ ಮೇಲೂ ಹರಿಹಾಯ್ದು ಹೋಯಿತು. ಬೆಳಗ್ಗೆ ಬೆಟ್ಟದ ಬುಡದವರೆಗೆ, ಡಾಕ್ಟರು ಹೇಳಿದಷ್ಟು ನಿಧಾನಕ್ಕೆ ನಡಿಗೆ. ನಡುವೆ ಒಮ್ಮೆ ಕೊರಟಗೆರೆಯ ಮದುವೆಯಲ್ಲಿ ಲಾಡು ಹೊಡೆದು ಬಂದು, "ತುಪ್ಪದ್ದಲ್ಲ, ವನಸ್ಪತಿದು. ಗಿಡದ್ದೇ ಅಲ್ವಾ?" ಎಂದು ಕಾನೂನು ತೆಗೆದರು. ಡಾಕ್ಟರು ಅಷ್ಟರಲ್ಲಿ ನಮ್ಮ ಭಾಷೆ ಕಲಿತಿದ್ದರು. "ಯಜಮಾನ್ರೇ, ತಣ್ಣಗಿಟ್ಟರೆ ಗಟ್ಟಿಯಾಗೋದೆಲ್ಲ ತುಪ್ಪದ ತಂಗೀನೇ" ಎಂದರು. ಮಾವ ಸಂಬಂಧ ಒಪ್ಪಿಕೊಂಡರು.

ಎಲ್ಲಕ್ಕಿಂತ ಕಷ್ಟವಾದದ್ದು ಬಂದವರ ಎಲೆ. ಮನೆಯ ಯಜಮಾನನಿಗೆ ಬಡಿಸದ ತುಪ್ಪವನ್ನು ಅತಿಥಿ ಹೇಗೆ ಉಣ್ಣುವುದು ಎಂದು ಎಲ್ಲರೂ ಸಂಕೋಚಪಟ್ಟು ಬಿಟ್ಟರು. ಬಿಟ್ಟವರೇ ಹೊರಗೆ ಹೋಗಿ ರುದ್ರಪ್ಪನ ಮನೆಯಲ್ಲಿ ತುಪ್ಪ ನಿಂತಿದೆ ಎಂದರು. ಅದು ಪಾವಗಡ ಮುಟ್ಟುವಷ್ಟರಲ್ಲಿ ರುದ್ರಪ್ಪ ದಿವಾಳಿ ಎಂದಾಗಿತ್ತು. ಗಫೂರ್ ಸಾಹೇಬರು ಶಿರಾದಿಂದ ಬಸ್ಸು ಹತ್ತಿ ಧಾವಿಸಿ ಬಂದರು. ಮುದ್ದೆ ಮುರಿಯುತ್ತಿದ್ದ ಗೆಳೆಯನನ್ನು ಕಂಡು ಬಾಗಿಲಲ್ಲೇ ಕಣ್ಣು ತುಂಬಿಕೊಂಡು, "ರುದ್ರಪ್ಪ ಭಾಯ್, ಒಂದು ಮಾತು ಹೇಳಬಾರದಿತ್ತಾ? ನಾನು ಸತ್ತಿದ್ನಾ?" ಎಂದರು.

ಮಾವ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಅಯ್ಯೋ ಮಾರಾಯ, ಇದು ಬಡತನದ ಮುದ್ದೆ ಅಲ್ಲ, ಕೊಬ್ಬಿನ ಮುದ್ದೆ. ಕುಂತ್ಕೊ, ನೀನೂ ಉಣ್ಣು. ನಿನ್ ಹೊಟ್ಟೇನೂ ನಂಗೆ ಸರಿ ಕಾಣ್ತಿಲ್ಲ" ಎಂದರು.

ಸಾಹೇಬರು ಉಂಡರು. ಉಂಡು ಹೇಳಿದರು: "ಮುದ್ದೆ ತಿಂದ್ಕೊಂಡೂ ಇಷ್ಟು ಗತ್ತು ಇದೆಯಲ್ಲ, ನೀನು ದಿವಾಳಿ ಆಗಿಲ್ಲ ಬಿಡು."

ಐವತ್ತು ತುಂಬಿದ ದಿನ ಮಾವ ಅದನ್ನು ಗಮನಿಸಿದಂತೆ ತೋರಿಸಿಕೊಳ್ಳಲಿಲ್ಲ. ಅತ್ತೆ ಮಾತ್ರ ಕೈತುಂಬ ಹೊಸ ಗಾಜಿನ ಬಳೆ ತೊಟ್ಟು, ಸದ್ದು ಮಾಡಿಕೊಂಡು ಮನೆಯೆಲ್ಲ ಓಡಾಡಿದಳು. ಅದಾದ ಮೇಲೆ ಮತ್ತೆ ರಕ್ತ ಪರೀಕ್ಷೆ. ವಂಶದವರೂ ನೋಡಿಸಿಕೊಳ್ಳಲಿ ಎಂದು ಡಾಕ್ಟರು ಹೇಳಿದ್ದರಿಂದ ಈ ಸಲ ನಾನೂ ನನ್ನ ಅಮ್ಮನೂ ತೋಳು ಚಾಚಿದೆವು.

ವರದಿ ಬಂದ ದಿನ ಮಾವ ಬೇಕೆಂದೇ ಸಂತೆಯ ಹೊತ್ತಿಗೆ, ವರಾಂಡ ತುಂಬಿ ತುಳುಕುವಾಗ ಹೋದರು. ಪರದೆಯನ್ನು ತಾವೇ ಸರಿಸಿದರು. ಡಾಕ್ಟರು ಕಾಗದ ನೋಡಿ ಹಿಗ್ಗಿ ಮೆಲ್ಲಗೆ ಏನೋ ಹೇಳಹೊರಟರು.

"ಜೋರಾಗಿ ಹೇಳಿ ಡಾಕ್ಟ್ರೇ. ಅವತ್ತು ಹೇಳಿದಷ್ಟೇ ಜೋರಾಗಿ."

ಡಾಕ್ಟರು ಗಂಟಲು ಸರಿಮಾಡಿಕೊಂಡು ಇಡೀ ವರಾಂಡಕ್ಕೆ ಕೇಳುವಂತೆ ಸಾರಿದರು: "ರುದ್ರಪ್ಪನವರ ಕೊಬ್ಬು ಇಳಿದಿದೆ!"

ಮತ್ತೆ ಆ ಕಿಸಕ್ಕನೆಯ ನಗೆ. ಯಾಕೆಂದರೆ, ಒಬ್ಬ ಮನುಷ್ಯನ ಬಗ್ಗೆ ಕನ್ನಡದಲ್ಲಿ ಹೇಳಬಹುದಾದ ಮಾತುಗಳಲ್ಲಿ "ಕೊಬ್ಬು ಜಾಸ್ತಿ" ಎಂಬುದಕ್ಕಿಂತ ಅವಮಾನದ್ದು ಒಂದೇ ಒಂದು ಇದೆ. ಅದನ್ನು ಮಾವ ತಾವಾಗಿಯೇ ಕೇಳಿ ಹೇಳಿಸಿಕೊಂಡಿದ್ದರು. ಇನ್ನೇನು ವಲ್ಲಿ ಒದರಿ ಎದ್ದು ಹೋಗಿ ಮಿಳ್ಳೆಯನ್ನು ದೇವರ ಮನೆಯಿಂದ ಇಳಿಸುತ್ತಾರೆ ಎಂದುಕೊಂಡೆ.

ಮಾವ ಏಳಲಿಲ್ಲ. ಮಂಡಿಯಲ್ಲಿ ತೂಕ ತಿದ್ದುವ ದನಿಯಲ್ಲಿ ಹೇಳಿದರು: "ಡಾಕ್ಟ್ರೇ, ಇಳಿದಿದೆ ಅನ್ಬ್ಯಾಡಿ. ಇಳಿಸವ್ರೆ ಅನ್ನಿ. ತಾನಾಗಿ ಇಳಿಯಕ್ಕೆ ಅದೇನು ಬಸ್ಸಿನ ಪ್ಯಾಸೆಂಜರ? ನಾನು ಕತ್ತು ಹಿಡಿದು ಇಳಿಸಿದ್ದು."

ಈ ಸಲ ವರಾಂಡವೆಲ್ಲ ನಕ್ಕಿತು, ಆದರೆ ಮಾವನ ಜೊತೆಗೆ ನಕ್ಕಿತು. ಡಾಕ್ಟರು ತಿದ್ದಿಕೊಂಡು ಮತ್ತೊಮ್ಮೆ ಸಾರಿದರು. ಸಕರ್ಮಕ, ಅಕರ್ಮಕ ಎಂದು ವ್ಯಾಕರಣದ ಮೇಷ್ಟರು ಶಾಲೆಯಲ್ಲಿ ಬಡಿದುಕೊಂಡಾಗ ಇದರಿಂದ ಯಾರಿಗೇನು ಪ್ರಯೋಜನ ಎಂದು ಎದ್ದು ನಿಂತು ಕೇಳಿದವಳು ನಾನು. ಮರ್ಯಾದೆಯೆಂಬುದು ಒಂದು "ಸ"ಕಾರದಲ್ಲಿ ಇರುತ್ತದೆಂದು ಮೇಷ್ಟರಿಗೂ ಗೊತ್ತಿರಲಿಲ್ಲ.

ಆ ತಿಂಗಳು ಡಾಕ್ಟರ ಅಪ್ಪಣೆ ಪಡೆದು ನಾವಿಬ್ಬರೂ ಮಧುಗಿರಿ ಬೆಟ್ಟವನ್ನು ಕೋಟೆಯ ಮೊದಲ ಬಾಗಿಲವರೆಗೆ ಹತ್ತಿದೆವು. ಮಾವ ಮೆಟ್ಟಿಲಿಗೊಂದು ಉಸಿರಿನಂತೆ, ಅವಸರವಿಲ್ಲದೆ ಏರಿದರು. ನಾನು ಯೌವನದ ಹುಮ್ಮಸ್ಸಿನಲ್ಲಿ, ದಾರಿಯುದ್ದಕ್ಕೂ ಆಹಾರಕ್ಕೂ ಆಯುಸ್ಸಿಗೂ ಇರುವ ಸಂಬಂಧದ ಮೇಲೆ ಭಾಷಣ ಮಾಡುತ್ತಾ ಏರಿದೆ. ಬಾಗಿಲು ಮುಟ್ಟಿದಾಗ ಮಾವ ಎದೆಯ ಮೇಲೆ ಕೈಯಿಟ್ಟರು. ನಾನು ಗಾಬರಿಯಾದೆ. ಅವರು ಜೇಬಿನಿಂದ ಕರವಸ್ತ್ರ ತೆಗೆಯುತ್ತಿದ್ದರಷ್ಟೇ. ಕಲ್ಲಿನ ಮೇಲೆ ಕೂತು, ಕೆಳಗೆ ಹರಡಿದ ಊರನ್ನೂ ತಮ್ಮ ಮಿಲ್ಲಿನ ಹೊಗೆಯನ್ನೂ ನೋಡಿ, ಸಾವಧಾನವಾಗಿ ಕೇಳಿದರು:

"ನಿನ್ ರಕ್ತದ್ದು ಏನಂತೆ?"

"ಸರಿಯಾಗಿದೆಯಂತೆ. ನನ್ನದೂ, ಅಮ್ಮನದೂ. ಕೊಬ್ಬು ಇಲ್ಲವೇ ಇಲ್ಲವಂತೆ" ಎಂದೆ, ಜಯಘೋಷದ ದನಿಯಲ್ಲಿ. ನನ್ನ ಮೇಲಿನ ನಿರ್ಣಯ ಬೆಂಗಳೂರಿನಲ್ಲೇ ರದ್ದಾಗಿತ್ತಲ್ಲ!

ಮಾವ ತಲೆಯಾಡಿಸಿದರು. "ಆ ಡಾಕ್ಟ್ರು ಸೂಜಿ ಹಾಕಿದ್ದೇ ತಪ್ಪು ಜಾಗಕ್ಕೆ ಕಣಮ್ಮ. ನಿಂದು ತೋಳಾಗೆಲ್ಲಿರ್ತದೆ? ನಾಲಿಗೆಗೆ ಹಾಕ್ಬೇಕಿತ್ತು."

ಇದಕ್ಕೆ ನನ್ನ ಹತ್ತಿರ ಮೂರು ಉತ್ತರಗಳಿದ್ದವು, ಮೂರೂ ಒಂದಕ್ಕಿಂತ ಒಂದು ಹರಿತ. ಬಾಯಿ ತೆರೆದೆ. ಹೊರಬಂದದ್ದು ಏದುಸಿರು ಮಾತ್ರ. ಭಾಷಣ ಮಾಡಿಕೊಂಡು ಬೆಟ್ಟ ಹತ್ತಿದವಳಿಗೆ ಉತ್ತರಕ್ಕೆ ಬೇಕಾದಷ್ಟು ಗಾಳಿ ಉಳಿದಿರಲಿಲ್ಲ. ಮಾವ ಕಾದರು, ಧಾರಾಳವಾಗಿ ಕಾದರು. ಆಮೇಲೆ, "ಲಾಯರಮ್ಮನೋರು ಸೋತ್ರು" ಎಂದು ಬೆಟ್ಟಕ್ಕೆಲ್ಲ ಕೇಳುವಂತೆ ತುಂಬುಗಂಟಲಲ್ಲಿ ನಕ್ಕರು. ಅಷ್ಟು ಹೊತ್ತು ನಗಲು ಹೋದ ವರ್ಷ ಅವರಿಗೆ ಆಗುತ್ತಿರಲಿಲ್ಲ.

ವಾದದಲ್ಲಿ ಗೆಲ್ಲುವವರು ಸರಿಯಾದ ಮಾತು ಉಳ್ಳವರಲ್ಲ, ಕೊನೆಯಲ್ಲಿ ಉಸಿರು ಉಳಿಸಿಕೊಂಡವರು. ಅಲ್ಲೊಬ್ಬರು ತೀರ್ಪುಗಾರರು ಇದ್ದಿದ್ದರೆ, ಬಟ್ಟಲನ್ನು ಮಾವನಿಗೇ ಕೊಡಿ ಎಂದು ಮೊದಲು ಕೈ ಎತ್ತುತ್ತಿದ್ದವಳು ನಾನೇ.